ವಸಂತ ವಿಹಾರಕ್ಕೆ ಯಾವ ನೀರು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಸುಣ್ಣಕಲ್ಲು, ಸಿಮೆಂಟು ಮತ್ತು ಸುಡುವ ಬಿಸಿಲು. ಈ ಸೀಮೆಯಲ್ಲಿ ವಿಹಾರಕ್ಕೆ ಯೋಗ್ಯವಾದ ನಿರ್ಮಲ ಜಲಾಶಯವುಂಟೆಂದರೆ ನಗುವವರೇ ಹೆಚ್ಚು. ಆದರೆ ಕಲಬುರಗಿ ನಗರದಿಂದ ಸುಮಾರು ೮೫ ಕಿಲೋಮೀಟರ್ ದೂರದ ಚಿಂಚೋಳಿಯ ಗುಡ್ಡಗಾಡಿನಲ್ಲಿ ಅಂತಹ ನೀರಿದೆ. ಅದನ್ನು ಒಂದೇ ದಿನದಲ್ಲಿ ನೋಡಿ ಬರುವ ಬಗೆಯನ್ನೂ, ಹೊಳೆಯುವ ನೀರೆಲ್ಲ ವಿಹಾರದ ನೀರಲ್ಲವೆಂಬ ಎಚ್ಚರಿಕೆಯನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಎಚ್ಚರಿಕೆಯನ್ನೇ ಮೊದಲು ಹೇಳುತ್ತೇನೆ. ನಾನು ಶಹಾಬಾದದವನು. ನನ್ನ ತಂದೆ ಫರಸಿ ಗಣಿಯಲ್ಲಿ ಕಲ್ಲು ಎಬ್ಬಿಸಿ ನನ್ನನ್ನು ಓದಿಸಿದವರು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ನಾನೇ ಮೊದಲಿಗ. ಶಹಾಬಾದ ಕಲ್ಲು ಪದರು ಪದರಾಗಿ ಏಳುತ್ತದೆ. ಕಲ್ಲು ತೆಗೆದು ಬಿಟ್ಟ ಗುಂಡಿಗಳಲ್ಲಿ ಮಳೆನೀರು ನಿಂತು, ಮಣ್ಣು ತಳಕ್ಕಿಳಿದ ಮೇಲೆ ಹಸಿರು ಕನ್ನಡಿಯಂತೆ ಕಾಣುತ್ತದೆ. ಆದರೆ ಕೆರೆಯ ದಂಡೆ ಇಳಿಜಾರು. ಪಾದ, ಮೊಣಕಾಲು, ಸೊಂಟ ಎಂದು ನೀರು ಕ್ರಮವಾಗಿ ಏರುತ್ತದೆ. ಗಣಿಯ ಅಂಚಾದರೋ ಗೋಡೆಯಂತೆ ಕಡಿದದ್ದು. ಒಂದು ಹೆಜ್ಜೆ ತಪ್ಪಿದರೆ ಆಳ, ಮೇಲೇರಲು ಹಿಡಿತವಿಲ್ಲ. ಏಳನೆಯ ತರಗತಿಯಲ್ಲಿ ನನ್ನ ಪಕ್ಕದಲ್ಲಿ ಕೂಡುತ್ತಿದ್ದ ನಮ್ಮ ಓಣಿಯ ಹುಡುಗನೊಬ್ಬ ಹೋಳಿಯ ದಿನ ಬಣ್ಣ ತೊಳೆಯಲು ಅಂತಹ ನೀರಿಗಿಳಿದವನು ಮರಳಿ ಬರಲಿಲ್ಲ. ಆದ್ದರಿಂದ ನೋಟಕ್ಕೆ ಎಷ್ಟೇ ಚೆಲುವಾಗಿರಲಿ, ಬಿಟ್ಟ ಗಣಿಯ ಕಡೆಗೆ ವಿಹಾರ ಹೊರಡಕೂಡದು.

ಇನ್ನು ಚಿಂಚೋಳಿಯ ಚಂದ್ರಂಪಳ್ಳಿ ಜಲಾಶಯದ ವಿಚಾರ. ಇದೂ ಮನುಷ್ಯ ನಿರ್ಮಿತವೇ, ಅಣೆಕಟ್ಟು ೧೯೭೩ರದು. ಆದರೂ ಇದರ ನೀರು ಕೆಡದಿರಲು ಕಾರಣ ಸುತ್ತಲಿನ ಅರಣ್ಯ. ಕಾಡಿನ ಮೇಲೆ ಬಿದ್ದ ಮಳೆಯನ್ನು ಉದುರಿದ ಎಲೆಯೂ ಬೇರೂ ತಡೆದು ಹಿಡಿಯುತ್ತವೆ. ಮಣ್ಣು ಅಲ್ಲಿಯೇ ಉಳಿದು, ನೀರು ಸೋಸಿಕೊಂಡು ನಿಧಾನವಾಗಿ ಇಳಿಯುತ್ತದೆ. ಈ ಅರಣ್ಯದ ಸುಮಾರು ೧೩೫ ಚದರ ಕಿಲೋಮೀಟರ್ ಪ್ರದೇಶವನ್ನು ೨೦೧೧ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಈ ಗುಡ್ಡಗಳ ಹಳ್ಳಗಳು ಮುಲ್ಲಾಮಾರಿಗೆ, ಮುಲ್ಲಾಮಾರಿ ಕಾಗಿಣೆಗೆ, ಕಾಗಿಣೆಯು ಸೇಡಂ ಸೀಮೆಯನ್ನು ಹಾಯ್ದು ಭೀಮೆಗೆ ಸೇರುತ್ತವೆ. ಅಂದಮೇಲೆ ಅಲ್ಲಿಯ ಕಾಡಿಗೂ ಇಲ್ಲಿಯ ನಮಗೂ ಸಂಬಂಧವಿಲ್ಲವೆನ್ನುವಂತಿಲ್ಲ.

ಹೋಗಲು ತಕ್ಕ ಕಾಲ ಶಿವರಾತ್ರಿಯಿಂದ ಹೋಳಿಯವರೆಗೆ. ಆಗ ಮುತ್ತುಗದ ಮರ ಎಲೆಯುದುರಿಸಿ ಕೆಂಪಗೆ ಹೂಬಿಟ್ಟಿರುತ್ತದೆ. ಬೆಳಗಿನ ಗಾಳಿ ತಂಪಾಗಿರುತ್ತದೆ. ಯುಗಾದಿ ದಾಟಿದರೆ ಬಿಸಿಲು ೪೦ ಡಿಗ್ರಿ ಮುಟ್ಟುತ್ತದೆ. ನಸುಕಿನ ಬಸ್ಸು ಹಿಡಿದು ಚಿಂಚೋಳಿ ಸೇರಬೇಕು; ಮುಂದಕ್ಕೆ ಬಾಡಿಗೆಯ ವಾಹನ ಮಾಡಿಕೊಳ್ಳುವುದು ಮೇಲು. ಕಾಡಿನೊಳಗೆ ಕಾಲಿಡುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಿಕೊಳ್ಳಬೇಕು. ರೊಟ್ಟಿ, ಶೇಂಗಾ ಹಿಂಡಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಹೋದರೆ ಬಿಸಾಡುವ ಕಸವೇ ಇರದು. ಫಾಲ್ಗುಣದಲ್ಲಿ ಹುಲ್ಲೆಲ್ಲ ಒಣಗಿರುವುದರಿಂದ ಒಂದು ಬೀಡಿಯ ಕಿಡಿ ಸಾಕು, ಗುಡ್ಡವೇ ಹತ್ತಿಕೊಳ್ಳುತ್ತದೆ. ಆದಕಾರಣ ಒಲೆ ಹೂಡಬಾರದು. ದಂಡೆ ಇಳಿಜಾರೆಂದು ನೀರಿಗೂ ಇಳಿಯಬಾರದು. ಕೆಸರಿನ ಆಳ ಮೇಲಿನಿಂದ ತಿಳಿಯದು. ಹೊತ್ತು ಮುಳುಗುವ ಮೊದಲೇ ಹಿಂದಿರುಗಬೇಕು.

ಹೋದ ವರ್ಷ ನಾವು ಒಂಬತ್ತು ಮಂದಿ ಹೊರಟಾಗ ತಂದೆಯವರು, “ನೀರ್ ನೋಡ್ಲಾಕ ಅಷ್ಟು ದೂರ ಯಾಕಪ್ಪಾ? ನಮ್ಮಲ್ಲಿ ಗುಂಡಿ ತುಂಬ ನೀರೇ ಅದ,” ಎಂದಿದ್ದರು. ಬೇಸಿಗೆಯಲ್ಲಿ ಕೊಡ ಹೊತ್ತು ದಣಿದ ಅವ್ವನಿಗೂ ಅದು ವಿಚಿತ್ರವೇ. ರಾತ್ರಿ ನಾನು ಮರಳಿದಾಗ ತಂದೆ ಕೇಳಿದ್ದು ಒಂದೇ ಮಾತು: “ದಂಡಿ ಇಳಿಜಾರ ಅದ ಏನು?” ಇದೆಯೆಂದೆ, ನೀರಿಗೆ ಯಾರೂ ಇಳಿಯಲಿಲ್ಲವೆಂದೂ ಹೇಳಿದೆ. ತುಸು ಹೊತ್ತು ಸುಮ್ಮನಿದ್ದು, “ಹಂಗಿದ್ರ ಬರೋ ವರ್ಷ ತಂಗಿನ್ನೂ ಕರ್ಕೊಂಡು ಹೋಗು,” ಎಂದರು.

ಬರುವ ಫಾಲ್ಗುಣದಲ್ಲಿ ಹೊರಡಲಿರುವ ಕಿರಿಯ ಮಿತ್ರರಿಗೆ ಈ ನಾಲ್ಕು ಮಾತು ಉಪಯೋಗಕ್ಕೆ ಬಂದರೆ ನನ್ನ ಶ್ರಮ ಸಾರ್ಥಕ.