ನುರಿತ ಸವಾರನಿಗೂ ಪಾಠ ಬೇಕೆ?

(ಸಂಘದ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಸಿಡ್ನಿ ಮತ್ತು ಮೆಲ್ಬರ್ನ್ ನಗರಗಳಲ್ಲಿ ನೆಲೆಸಿರುವ ನಮ್ಮವರಲ್ಲಿ ಅನೇಕರು ಮೋಟಾರ್ ಸೈಕಲ್ ಸವಾರಿಯನ್ನು ಊರಿನಲ್ಲಿಯೇ ಕಲಿತು ಬಂದವರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ವಾಹನಗಳು ಒಂದಿಡೀ ಪೀಳಿಗೆಗೆ ಗುರುಗಳಾಗಿದ್ದವು. ಅಣ್ಣನೋ ಮಾವನೋ ಹಿಂದೆ ಕುಳಿತು ಹೇಳಿಕೊಟ್ಟದ್ದೇ ಪಾಠ. ಹೀಗೆ ಕಲಿತು, ಇಪ್ಪತ್ತು ವರ್ಷ ಓಡಿಸಿದವರಿಗೆ ಮತ್ತೆ ತರಬೇತಿಯ ಅಗತ್ಯವಾದರೂ ಏನು ಎಂಬ ಪ್ರಶ್ನೆ ಸಹಜವಾದುದು. ಇಂದು ನಾವು ಆ ಪ್ರಶ್ನೆಯನ್ನು ಪರಿಶೀಲಿಸೋಣ.

ಅನುಭವವು ಒಳ್ಳೆಯ ಅಭ್ಯಾಸವನ್ನು ಮಾತ್ರವಲ್ಲದೆ ಕೆಟ್ಟ ಅಭ್ಯಾಸವನ್ನೂ ಗಟ್ಟಿಗೊಳಿಸುತ್ತದೆ. ಹಳೆಯ ಬುಲೆಟ್ಟಿನಲ್ಲಿ ಗೇರ್ ಬಲಗಾಲಿಗೆ, ಬ್ರೇಕ್ ಎಡಗಾಲಿಗೆ ಇದ್ದವು. ಇಂದಿನ ವಾಹನಗಳಲ್ಲಿ ಅದು ತಿರುವುಮುರುವಾಗಿದೆ. ನೆಮ್ಮದಿಯ ಸವಾರಿಯಲ್ಲಿ ಬುದ್ಧಿಯು ಕಾಲನ್ನು ಆಳುತ್ತದೆ. ಅಪಾಯದ ಕ್ಷಣದಲ್ಲಿ ಹಳೆಯ ಅಭ್ಯಾಸವೇ ಆಳುತ್ತದೆ. ಆದುದರಿಂದ ನುರಿತವರ ತರಬೇತಿಯಲ್ಲಿ ಹೊಸದನ್ನು ಕಲಿಯುವುದಕ್ಕಿಂತ ಹಳೆಯದನ್ನು ಮರೆಯುವ ಕೆಲಸವೇ ಹೆಚ್ಚು.

ಮೊದಲನೆಯದು ಬ್ರೇಕ್. ಮುಂದಿನ ಬ್ರೇಕ್ ಹಿಡಿದರೆ ಮುಗ್ಗರಿಸಿ ಬೀಳುತ್ತೇವೆಂಬ ಭಯ ನಮ್ಮಲ್ಲಿ ಹಲವರಿಗೆ ಇಂದಿಗೂ ಹೋಗಿಲ್ಲ. ವಾಸ್ತವವಾಗಿ ವೇಗ ಕುಗ್ಗುವಾಗ ಭಾರವು ಮುಂದಿನ ಚಕ್ರಕ್ಕೆ ವರ್ಗವಾಗಿ, ಹಿಂದಿನ ಚಕ್ರವು ಹಗುರವಾಗುತ್ತದೆ; ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಚಕ್ರದಲ್ಲಿಯೇ ಇದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ಸವಾರನು ಅಪಾಯವನ್ನು ಕಂಡು ಬ್ರೇಕ್ ಹಿಡಿಯಲು ಒಂದೂವರೆ ಸೆಕೆಂಡು ಬೇಕೆಂದರೆ, ಅಷ್ಟರಲ್ಲಿಯೇ 25 ಮೀಟರ್ ಸಾಗಿರುತ್ತಾನೆ. ಒಣ ರಸ್ತೆಯಲ್ಲಿ ಎರಡೂ ಬ್ರೇಕುಗಳನ್ನು ಸರಿಯಾಗಿ ಬಳಸಿದರೆ ಅಲ್ಲಿಂದ ನಿಲ್ಲಲು ಸುಮಾರು 20 ಮೀಟರ್ ಬೇಕು. ಹಿಂದಿನದೊಂದನ್ನೇ ನಂಬಿದರೆ ಆ ದೂರ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಮುಂದಿನ ಬ್ರೇಕನ್ನು ಒಮ್ಮೆಲೇ ಕಚ್ಚಿ ಹಿಡಿಯದೆ, ಭಾರ ಮುಂದಕ್ಕೆ ಸರಿಯಲು ಕ್ಷಣಕಾಲ ಬಿಟ್ಟು ಕ್ರಮವಾಗಿ ಹಿಂಡಬೇಕು. ಎ.ಬಿ.ಎಸ್. ಇದ್ದರೂ ಈ ಕೈ ಪಳಗದೆ ಪೂರ್ಣ ಪ್ರಯೋಜನ ದೊರೆಯದು.

ಎರಡನೆಯದು ತಿರುವು. ವೇಗವಾಗಿ ಹೋಗುವಾಗ ಬಲಕ್ಕೆ ತಿರುಗಬೇಕಾದರೆ ಹ್ಯಾಂಡಲಿನ ಬಲತುದಿಯನ್ನು ಮುಂದಕ್ಕೆ ಒತ್ತಬೇಕು. ಆಗ ವಾಹನವು ಬಲಕ್ಕೆ ವಾಲುತ್ತದೆ. ಎಲ್ಲ ಸವಾರರೂ ಇದನ್ನು ಅರಿಯದೆಯೇ ಮಾಡುತ್ತಾರೆ. ಅರಿತು ಮಾಡುವವನು ಗಾಬರಿಯಲ್ಲಿಯೂ ಮಾಡಬಲ್ಲ. ಸಿಡ್ನಿಯ ಉತ್ತರದ ಹಳೆಯ ಪೆಸಿಫಿಕ್ ಹೆದ್ದಾರಿಯಲ್ಲಾಗಲಿ, ಮೆಲ್ಬರ್ನ್ ಬಳಿಯ ಬ್ಲ್ಯಾಕ್ ಸ್ಪರ್ ದಾರಿಯಲ್ಲಾಗಲಿ ಬಲತಿರುವಿನಲ್ಲಿ ಮಧ್ಯರೇಖೆಗೆ ಅಂಟಿಕೊಂಡು ವಾಲಿದರೆ, ಚಕ್ರಗಳು ನಮ್ಮ ಪಾಲಿನ ರಸ್ತೆಯಲ್ಲಿದ್ದರೂ ತಲೆಯು ಎದುರು ವಾಹನದ ಹಾದಿಯಲ್ಲಿರುತ್ತದೆ. ವೇಗವನ್ನು ತಿರುವಿಗೆ ಮೊದಲೇ ಇಳಿಸಿ, ದೃಷ್ಟಿಯನ್ನು ಹೋಗಬೇಕಾದೆಡೆಗೆ ನೆಡಬೇಕು. ಹಳ್ಳವನ್ನೇ ದಿಟ್ಟಿಸಿದವನು ಹಳ್ಳಕ್ಕೇ ಹೋಗುತ್ತಾನೆ. ಮೆಲ್ಬರ್ನಿನ ಟ್ರ್ಯಾಮ್ ಹಳಿಗಳನ್ನು, ವಿಶೇಷವಾಗಿ ಮಳೆಯಲ್ಲಿ, ವಾಲದೆ ಆದಷ್ಟು ಅಡ್ಡಲಾಗಿಯೇ ದಾಟಬೇಕು.

ಮೂರನೆಯದು, ನಮ್ಮ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು, ಮುಂದಾಲೋಚನೆ. ಅಮೆರಿಕದ ಲಾಸ್ ಏಂಜಲಿಸ್ ಪ್ರದೇಶದ 900 ಅಪಘಾತಗಳನ್ನು ಸ್ಥಳದಲ್ಲಿಯೇ ಪರಿಶೀಲಿಸಿ ಹ್ಯಾರಿ ಹರ್ಟ್ ತಂಡವು 1981ರಲ್ಲಿ ಪ್ರಕಟಿಸಿದ ವರದಿ ಸುಪ್ರಸಿದ್ಧವಾಗಿದೆ. ಬೇರೊಂದು ವಾಹನದೊಡನೆ ಘಟಿಸಿದ ಡಿಕ್ಕಿಗಳಲ್ಲಿ ಸುಮಾರು ಮೂರನೆಯ ಎರಡು ಪಾಲಿನಲ್ಲಿ, ಮೋಟಾರ್ ಸೈಕಲ್ಲಿಗೆ ದಾರಿ ಬಿಡಬೇಕಾಗಿದ್ದ ಆ ಇನ್ನೊಬ್ಬ ಚಾಲಕನೇ ಅಡ್ಡ ಬಂದಿದ್ದನು. ಸಿಕ್ಕಿಬಿದ್ದ ಸವಾರರಲ್ಲಿ ಶೇಕಡ 92 ಮಂದಿ ತಾವೇ ಅಥವಾ ಬಂಧುಮಿತ್ರರಿಂದ ಕಲಿತವರು. ತಪ್ಪು ಅವನದೆಂದು ವಾದಿಸಿ ಗೆದ್ದರೂ ಮುರಿಯುವ ಮೂಳೆ ನಮ್ಮದೇ. ಅವನ ತಪ್ಪನ್ನು ಅರ್ಧ ಸೆಕೆಂಡು ಮೊದಲು ಊಹಿಸಿದರೆ, 60ರ ವೇಗದಲ್ಲಿ 8 ಮೀಟರ್ ಉಳಿಯುತ್ತದೆ. ಯಾವ ಬ್ರೇಕೂ ಇಷ್ಟು ಸುಲಭವಾಗಿ ಅಷ್ಟನ್ನು ಕೊಡಲಾರದು.

ಹಾಗಾದರೆ ತರಬೇತಿ ಪಡೆದವರೆಲ್ಲ ಸುರಕ್ಷಿತರೆ? ಇಲ್ಲಿ ನಾವು ಎಚ್ಚರಿಕೆಯಿಂದ ಮಾತನಾಡಬೇಕು. ವಿಕ್ಟೋರಿಯಾ ರಾಜ್ಯದಲ್ಲಿ ಸುಮಾರು 2,400 ಮಂದಿ ಹೊಸ ಸವಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ರಸ್ತೆಯಲ್ಲಿ ವಿಶೇಷ ಮಾರ್ಗದರ್ಶನ ನೀಡಿ ಅಧ್ಯಯನ ನಡೆಸಲಾಯಿತು. 2016ರಲ್ಲಿ ಹೊರಬಂದ ಫಲಿತಾಂಶದಲ್ಲಿ ಅಪಘಾತಗಳು ಕಡಿಮೆಯಾದುದಕ್ಕೆ ಆಧಾರ ದೊರೆಯಲಿಲ್ಲ. ಬದಲಾಗಿ ಪಾಠ ಪಡೆದವರಲ್ಲಿ ಆತ್ಮವಿಶ್ವಾಸವೂ ವೇಗದ ಚಾಳಿಯೂ ಹೆಚ್ಚಿದ್ದವು. ಅವರು ಹೊಸಬರು, ನಾವು ಹಳಬರು. ಆದರೂ ಪಾಠ ನಮಗೂ ಅನ್ವಯಿಸುತ್ತದೆ. ಕೌಶಲದಿಂದ ಉಳಿಸಿದ ಹತ್ತು ಮೀಟರನ್ನು ವೇಗಕ್ಕೆ ವೆಚ್ಚ ಮಾಡಿದರೆ ಕೈಯಲ್ಲಿ ಉಳಿಯುವುದು ಸೊನ್ನೆ.

ಆದುದರಿಂದ ತರಗತಿಯನ್ನು ಆರಿಸುವಾಗ, ಅಲ್ಲಿ ಎಷ್ಟು ವೇಗವಾಗಿ ಹೋಗಬಹುದೆಂದು ಕಲಿಸುತ್ತಾರೆಯೋ, ಎಲ್ಲಿ ನಿಧಾನಿಸಬೇಕೆಂದು ಕಲಿಸುತ್ತಾರೆಯೋ ಎಂದು ಕೇಳಿ ನೋಡಿರಿ. ರೇಸ್ ಪಥದ ಶಾಲೆಗಳಲ್ಲಿ ವಾಹನದ ಹಿಡಿತ ಚೆನ್ನಾಗಿ ತಿಳಿಯುತ್ತದೆ. ಆದರೆ ಅಲ್ಲಿ ಎದುರಿನಿಂದ ಲಾರಿ ಬರುವುದಿಲ್ಲ, ಮುಸ್ಸಂಜೆಯಲ್ಲಿ ಕಾಂಗರೂ ಅಡ್ಡ ನೆಗೆಯುವುದು ಅಪರೂಪ. ರಸ್ತೆಯಲ್ಲಿ ಶಿಕ್ಷಕರು ಹಿಂದೆಯೇ ಬಂದು ತಪ್ಪನ್ನು ತೋರಿಸುವ ಪಾಠ ಗೃಹಸ್ಥರಾದ ನಮಗೆ ಹೆಚ್ಚು ಹೊಂದುತ್ತದೆ. ಮಕ್ಕಳು ದೊಡ್ಡವರಾದ ಮೇಲೆ ಬಹುಕಾಲದ ನಂತರ ಮತ್ತೆ ಹ್ಯಾಂಡಲ್ ಹಿಡಿಯುವವರಂತೂ ಮೊದಲು ಇಂತಹ ಒಂದು ದಿನವನ್ನು ಮೀಸಲಿಡಬೇಕು. ಮನೆಯವರು "ಹೊಸ ಗಾಡಿ ಏಕೆ?" ಎಂದು ಕೇಳುವುದಕ್ಕಿಂತ "ಪಾಠ ಯಾವಾಗ?" ಎಂದು ಕೇಳಿದರೆ ಹೆಚ್ಚು ಉಪಕಾರವಾದೀತು.