ಬಿಸಿಲಿದೆ, ಗಾಳಿ ಇಲ್ಲ, ಆದರೂ ಕಡಲು ಅಪಾಯ: ಸಸಿಹಿತ್ಲಿನ ಅಲೆ-ಗಾಳಿ ಮುನ್ಸೂಚನೆ ಓದುವುದು ಹೇಗೆ?

ಮೂಲ್ಕಿ: ರಜೆ ದಿನ ಬೆಳಿಗ್ಗೆ ಸಸಿಹಿತ್ಲು ಬೀಚಿಗೆ ಬಂದ ಕುಟುಂಬಗಳು ಮೊದಲು ನಿಲ್ಲುವುದು ಗೂಡಂಗಡಿ ಮುಂದೆ. ಎಳನೀರು ಕುಡಿಯುತ್ತಾ ಕೇಳುವ ಪ್ರಶ್ನೆಯೂ ಒಂದೇ: "ಅಣ್ಣಾ, ಇವತ್ತು ನೀರಿಗೆ ಇಳಿಯಬಹುದಾ?" ಅಂಗಡಿಯವರು ಒಮ್ಮೆ ಕಡಲಿನತ್ತ ನೋಡುತ್ತಾರೆ. ಬಿಸಿಲಿದೆ, ಗಾಳಿ ಇಲ್ಲ, ನೊರೆಯೂ ಅಷ್ಟೇನಿಲ್ಲ. "ಇವತ್ತು ಎಂಥ ಇಲ್ಲ ಮಾರಾಯ್ರೆ, ಇಳೀರಿ" ಅಂತ ಹೇಳುವುದು ಸಹಜ.

ಆದರೆ ಕರಾವಳಿಯಲ್ಲಿ ಜೀವ ಹೋದ ಎಷ್ಟೋ ದಿನಗಳು ಇಂಥವೇ. 2024ರ ಮೇ 6ರಂದು ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಬೀಚೊಂದರಲ್ಲಿ ಐವರು ಯುವ ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ತೀರಿಕೊಂಡರು. ಅಂದು ಅಲ್ಲಿ ಚಂಡಮಾರುತ ಇರಲಿಲ್ಲ. ಆದರೆ ದೂರದಿಂದ ದೊಡ್ಡ ತೆರೆಗಳು ಬರುತ್ತಿವೆ ಎಂಬ ಎಚ್ಚರಿಕೆ ಮೊದಲೇ ಬಂದಿತ್ತು. ಅದೇ ವರ್ಷ ಡಿಸೆಂಬರಿನಲ್ಲಿ, ಅಂದರೆ ಮಳೆಗಾಲ ಮುಗಿದು ಎಷ್ಟೋ ದಿನವಾದ ಮೇಲೆ, ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು.

ಕಡಲಿನ ಮುನ್ಸೂಚನೆ ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ಸರ್ಫಿಂಗ್ ಹುಡುಗರು ಅದನ್ನು ದಿನಾ ನೋಡುತ್ತಾರೆ. ಉಳಿದವರಿಗೆ ಅದು ಅಂಕಿಗಳ ಸಾಲು ಅಷ್ಟೇ. ಆ ಸಾಲನ್ನು ಓದುವುದು ಕಷ್ಟದ ಕೆಲಸವಲ್ಲ. ನಾಲ್ಕು ವಿಷಯ ಗೊತ್ತಿದ್ದರೆ ಸಾಕು: ಅಲೆಯ ಎತ್ತರ, ಅಲೆಯ ಅವಧಿ, ಗಾಳಿ, ಉಬ್ಬರ-ಇಳಿತ.

ಸಸಿಹಿತ್ಲು ಯಾಕೆ ಬೇರೆ?

ನಂದಿನಿ ಮತ್ತು ಶಾಂಭವಿ ನದಿಗಳು ಸೇರಿ ಕಡಲಿಗೆ ಬೀಳುವ ಅಳಿವೆಯ ಪಕ್ಕದಲ್ಲೇ ಈ ಬೀಚ್ ಇದೆ. ಇಲ್ಲಿ ತಳದಲ್ಲಿ ಬಂಡೆಯಿಲ್ಲ, ಮರಳಿದೆ. ನದಿ ತಂದ ಮರಳು, ಕಡಲು ಎಳೆದ ಮರಳು ಸೇರಿ ನೀರಿನಡಿ ದಿಬ್ಬಗಳಾಗುತ್ತವೆ. ಅಲೆ ಆ ದಿಬ್ಬದ ಮೇಲೆ ಬಂದು ಒಡೆಯುತ್ತದೆ. ಇಂಥ ಜಾಗಕ್ಕೆ ಸರ್ಫಿಂಗ್ ಮಾಡುವವರು 'ಬೀಚ್ ಬ್ರೇಕ್' ಅನ್ನುತ್ತಾರೆ.

ಮೂಲ್ಕಿಯಲ್ಲಿ 2004ರಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುವಾದ ಮೇಲೆ ಈ ಅಲೆಗಳ ಹೆಸರು ಹೊರಗೆ ಹೋಯಿತು. ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲಿನಲ್ಲಿ ನಡೆದದ್ದೂ ಇದೇ ಕಾರಣಕ್ಕೆ. ಮುಂಗಾರು ಕಾಲಿಡುವ ಹೊತ್ತಿಗೆ, ಮೇ ಕೊನೆ ಅಥವಾ ಜೂನ್ ಆರಂಭದಲ್ಲಿ ಸ್ಪರ್ಧೆ ಇಡುವುದಕ್ಕೂ ಲೆಕ್ಕವಿದೆ. ಆಗ ಅಲೆಗೆ ಬಲ ಬಂದಿರುತ್ತದೆ, ಕಡಲು ಪೂರ್ತಿ ಕೆಟ್ಟಿರುವುದಿಲ್ಲ.

ಮರಳಿನ ದಿಬ್ಬಕ್ಕೆ ಒಂದು ಗುಣವಿದೆ. ಅದು ಇದ್ದಲ್ಲಿ ಇರುವುದಿಲ್ಲ. ಒಂದು ಜೋರು ಮಳೆ, ನಾಲ್ಕು ದಿನದ ಕಡಲಬ್ಬರ ಸಾಕು, ದಿಬ್ಬ ಜಾಗ ಬದಲಿಸುತ್ತದೆ. ಹೋದ ತಿಂಗಳು ಸೊಂಟದವರೆಗೆ ನೀರಿದ್ದ ಕಡೆ ಈ ತಿಂಗಳು ಆಳದ ಗುಂಡಿ ಇರಬಹುದು. ಹಾಗಾಗಿ "ನಾವು ಯಾವಾಗಲೂ ಇಲ್ಲೇ ಇಳಿಯೋದು" ಎಂಬ ಮಾತಿಗೆ ಇಲ್ಲಿ ಬೆಲೆಯಿಲ್ಲ.

ಒಂದು: ಅಲೆಯ ಎತ್ತರ

ಮುನ್ಸೂಚನೆಯಲ್ಲಿ '1.4 ಮೀಟರ್' ಅಂತ ಇದ್ದರೆ ಎಲ್ಲ ಅಲೆಯೂ ಅಷ್ಟೇ ಎತ್ತರ ಅಂತ ಅರ್ಥವಲ್ಲ. ಬರುವ ಅಲೆಗಳಲ್ಲಿ ದೊಡ್ಡ ಮೂರನೇ ಒಂದು ಪಾಲು ತೆಗೆದುಕೊಂಡು ಅವುಗಳ ಸರಾಸರಿ ಹಾಕಿದ ಅಂಕಿ ಅದು. ನಡುವೆ ಒಂದೊಂದು ಅಲೆ ಅದರ ಹತ್ತಿರ ಹತ್ತಿರ ಎರಡು ಪಟ್ಟು ಬರಬಹುದು. 1.4 ಅಂತ ಬರೆದ ದಿನ ಎರಡೂವರೆ ಮೀಟರಿನ ಒಂದು ಅಲೆ ಬಂದರೆ ಮುನ್ಸೂಚನೆ ತಪ್ಪಿತು ಅನ್ನುವ ಹಾಗಿಲ್ಲ.

ಇನ್ನೊಂದು ವಿಷಯ, ಆ ಅಂಕಿ ಹೊರಗಿನ ಆಳದ ಕಡಲಿನದು. ದಡಕ್ಕೆ ಬಂದಾಗ ಅಲೆ ಏಳುವುದೋ ಕುಗ್ಗುವುದೋ ಎಂಬುದನ್ನು ತಳದ ಮರಳು ನಿರ್ಧರಿಸುತ್ತದೆ. ಸಾಮಾನ್ಯವಾಗಿ ನೀರಿನ ಆಳ ಅಲೆಯ ಎತ್ತರದ ಒಂದೂಕಾಲು ಪಟ್ಟಿನ ಆಸುಪಾಸಿಗೆ ಇಳಿದಾಗ ಅಲೆ ಒಡೆಯುತ್ತದೆ. ಅಂದರೆ ಆಳೆತ್ತರದ ಅಲೆ ಒಡೆಯುವ ಕಡೆ ನೀರು ಆಳಿಗಿಂತ ಹೆಚ್ಚು ಆಳವೇ ಇರುತ್ತದೆ.

ಎರಡು: ಅವಧಿ. ಹೆಚ್ಚಿನವರು ನೋಡದೆ ಬಿಡುವ ಅಂಕಿ ಇದೇ

ಒಂದು ತೆರೆ ದಾಟಿ ಮುಂದಿನ ತೆರೆ ಬರಲು ಎಷ್ಟು ಸೆಕೆಂಡ್ ಬೇಕು ಎಂಬುದೇ ಅವಧಿ. ಹತ್ತಿರದ ಗಾಳಿ ಎಬ್ಬಿಸಿದ ತೆರೆಗೆ 4ರಿಂದ 7 ಸೆಕೆಂಡ್. ದೂರದಿಂದ ಬಂದದ್ದಕ್ಕೆ 12ರಿಂದ 18 ಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು.

ದೂರ ಅಂದರೆ ಎಷ್ಟು ದೂರ? ಭಾರತದ ದಕ್ಷಿಣಕ್ಕೆ ಸಾವಿರಾರು ಕಿಲೋಮೀಟರ್ ಆಚೆ, ಅಂಟಾರ್ಕ್ಟಿಕಾ ಕಡೆಯ ದಕ್ಷಿಣ ಸಾಗರದಲ್ಲಿ ಬಿರುಗಾಳಿ ಎದ್ದರೆ ಅಲ್ಲಿನ ತೆರೆ ನಮ್ಮ ದಡದವರೆಗೆ ಬರುತ್ತದೆ. 15 ಸೆಕೆಂಡಿನ ತೆರೆಗಳ ಗುಂಪು ಗಂಟೆಗೆ ಸುಮಾರು 42 ಕಿ.ಮೀ. ಸಾಗುತ್ತದೆ, ದಿನಕ್ಕೆ ಸಾವಿರ ಕಿ.ಮೀ. ಅಲ್ಲಿಂದ ಹೊರಟದ್ದು ಇಲ್ಲಿಗೆ ತಲುಪಲು ಒಂದು ವಾರ ಬೇಕು. ಬಿರುಗಾಳಿ ಅಲ್ಲೇ ಉಳಿಯುತ್ತದೆ, ತೆರೆ ಮಾತ್ರ ಬರುತ್ತದೆ. ಆದ್ದರಿಂದಲೇ ಇಲ್ಲಿ ಬಿಸಿಲು, ಮೋಡವಿಲ್ಲದ ಆಕಾಶ, ಎದುರಿಗೆ ಅಬ್ಬರದ ಕಡಲು. ಕೇರಳದವರು ಇದನ್ನು 'ಕಳ್ಳಕ್ಕಡಲ್' ಅನ್ನುತ್ತಾರೆ. ಕಳ್ಳನ ಹಾಗೆ ಸದ್ದಿಲ್ಲದೆ ಬರುವ ಕಡಲು. 2024ರ ಮಾರ್ಚ್ 31ರಂದು ಕೇರಳದ ಹಲವು ಕಡೆ ಮನೆಗಳಿಗೆ ನೀರು ನುಗ್ಗಿದ್ದು ಹೀಗೆಯೇ. ಅದಕ್ಕೆ ಕಾರಣವಾದ ವಾಯುಭಾರ ಕುಸಿತ ಕಂಡದ್ದು ದಕ್ಷಿಣ ಅಟ್ಲಾಂಟಿಕ್ ಸಾಗರದಲ್ಲಿ, ಎಂಟು ದಿನ ಮೊದಲು.

ಅವಧಿ ಹೆಚ್ಚಾದರೆ ಏನಾಗುತ್ತದೆ? ಒಂದೇ ಎತ್ತರದ ಎರಡು ಅಲೆ, ಒಂದು 6 ಸೆಕೆಂಡಿನದು, ಇನ್ನೊಂದು 14 ಸೆಕೆಂಡಿನದು ಅಂತ ಇಟ್ಟುಕೊಳ್ಳಿ. ಎರಡನೆಯದು ದಡಕ್ಕೆ ತರುವ ಬಲ ಮೊದಲನೆಯದರ ಎರಡು ಪಟ್ಟಿಗಿಂತ ಹೆಚ್ಚು. 6 ಸೆಕೆಂಡಿನ ತೆರೆಯ ಉದ್ದ ಸುಮಾರು 56 ಮೀಟರ್, 14 ಸೆಕೆಂಡಿನದು 300 ಮೀಟರ್. ಹೊರಗೆ ಅಷ್ಟು ಅಗಲಕ್ಕೆ ಹರಡಿರುವುದರಿಂದ ಅದು ಕಣ್ಣಿಗೆ ಕಾಣುವುದೇ ಇಲ್ಲ. ದಡಕ್ಕೆ ಬಂದಾಗ ಎದ್ದು ನಿಲ್ಲುತ್ತದೆ.

ಜೊತೆಗೆ ಇಂಥ ತೆರೆಗಳು ಗುಂಪಾಗಿ ಬರುತ್ತವೆ. ನಾಲ್ಕೈದು ದೊಡ್ಡ ಅಲೆ, ಆಮೇಲೆ ಹಲವು ನಿಮಿಷ ಸುಮ್ಮನಿರುವ ಕಡಲು. ಆ ಸುಮ್ಮನಿರುವ ಹೊತ್ತಿಗೆ ಬಂದ ಪ್ರವಾಸಿಗರು "ಏನೂ ಇಲ್ಲ" ಅಂದುಕೊಂಡು ಮಕ್ಕಳನ್ನು ಇಳಿಸುತ್ತಾರೆ. ಮುಂದಿನ ಗುಂಪು ಬರುವಾಗ ಮಕ್ಕಳು ಸೊಂಟದ ನೀರಿನಲ್ಲಿರುತ್ತಾರೆ. ನೀರಿಗೆ ಇಳಿಯುವ ಮೊದಲು ದಡದಲ್ಲಿ ನಿಂತು 15-20 ನಿಮಿಷ ನೋಡಿ ಅಂತ ತಿಳಿದವರು ಹೇಳುವುದು ಇದಕ್ಕೇ.

ಮೂರು: ಗಾಳಿ

ಮುನ್ಸೂಚನೆಯಲ್ಲಿ ಗಾಳಿಯ ದಿಕ್ಕು ಅಂದರೆ ಗಾಳಿ ಎಲ್ಲಿಂದ ಬರುತ್ತದೆ ಎಂಬುದು, ಎಲ್ಲಿಗೆ ಹೋಗುತ್ತದೆ ಎಂಬುದಲ್ಲ. 'ವಾಯವ್ಯ' ಅಂದರೆ ವಾಯವ್ಯದಿಂದ ಬೀಸುವ ಗಾಳಿ. ವೇಗ ನಾಟ್ ಲೆಕ್ಕದಲ್ಲಿದ್ದರೆ ಎರಡರಿಂದ ಗುಣಿಸಿ ಸ್ವಲ್ಪ ಕಡಿಮೆ ಮಾಡಿ. 10 ನಾಟ್ ಅಂದರೆ ಗಂಟೆಗೆ 18.5 ಕಿ.ಮೀ.

ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ನಮ್ಮ ಕರಾವಳಿಯ ಗಾಳಿಗೆ ಒಂದು ದಿನಚರಿ ಇದೆ. ರಾತ್ರಿ ನೆಲ ತಣ್ಣಗಾಗುತ್ತದೆ, ಬೆಳಗಿನ ಜಾವ ಗಾಳಿ ನೆಲದಿಂದ ಕಡಲಿನತ್ತ ಹೋಗುತ್ತದೆ. ಈ ಗಾಳಿ ಅಲೆಯ ಮುಖವನ್ನು ನೆಟ್ಟಗೆ ಹಿಡಿಯುತ್ತದೆ, ನೀರು ನುಣುಪಾಗಿ ಕಾಣುತ್ತದೆ. ಸರ್ಫಿಂಗ್ ಹುಡುಗರು ಆರು ಗಂಟೆಗೇ ಬೋರ್ಡ್ ಹಿಡಿದು ಹೊರಡುವುದು ಅದಕ್ಕೆ. ಹೊತ್ತು ಏರಿದಂತೆ ನೆಲ ಕಾಯುತ್ತದೆ, ಹನ್ನೊಂದು-ಹನ್ನೆರಡು ಗಂಟೆ ಹೊತ್ತಿಗೆ ಗಾಳಿ ತಿರುಗಿ ಕಡಲಿನಿಂದ ಬೀಸುತ್ತದೆ. ಸಂಜೆವರೆಗೂ ನೀರು ಕಲಕಿ ಚೂರುಚೂರು ಅಲೆ. ಕಡಲಲ್ಲಿ ಬಿಳಿ ನೊರೆ ಅಲ್ಲಲ್ಲಿ ಕಾಣಲು ಶುರುವಾದರೆ ಗಾಳಿ 8-10 ನಾಟ್ ದಾಟಿದೆ ಅಂತ ಲೆಕ್ಕ.

ನೆಲದ ಗಾಳಿ ಚಂದ ಅಂತ ಮೈಮರೆಯಬಾರದು. ಟ್ಯೂಬು, ಗಾಳಿ ತುಂಬಿದ ಆಟಿಕೆ ಹಿಡಿದ ಮಕ್ಕಳನ್ನು ಹೊರಗೆ ತಳ್ಳುವುದೂ ಅದೇ ಗಾಳಿ.

ಮುಂಗಾರಿನಲ್ಲಿ ಈ ದಿನಚರಿ ನಡೆಯುವುದಿಲ್ಲ. ಪಶ್ಚಿಮ, ನೈಋತ್ಯದ ಗಾಳಿ ಹಗಲು ರಾತ್ರಿ ಒಂದೇ ಸಮ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಅದು ಮೀನಿನ ಸಂತಾನಕ್ಕೂ ಒಳ್ಳೆಯದು, ದೋಣಿಯವರ ಜೀವಕ್ಕೂ ಒಳ್ಳೆಯದು.

ನಾಲ್ಕು: ಉಬ್ಬರ-ಇಳಿತ

ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಇವತ್ತಿನದಕ್ಕಿಂತ ನಾಳೆ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ನಮ್ಮ ಕಡೆ ಅದು ಒಂದರಿಂದ ಒಂದೂವರೆ ಮೀಟರ್ ಅಷ್ಟೇ. ಗುಜರಾತಿನ ಹಾಗೆ ದೊಡ್ಡದೇನಲ್ಲ. ಆದರೆ ದೂರದ ತೆರೆಯೂ ಹುಣ್ಣಿಮೆಯ ಉಬ್ಬರವೂ ಒಂದೇ ಹೊತ್ತಿಗೆ ಬಂದರೆ ನೀರು ಅಂಗಡಿ ಮೆಟ್ಟಿಲಿಗೆ ಬರುತ್ತದೆ.

ಅಳಿವೆಯ ಕತೆ ಬೇರೆ. ಇಳಿತದ ಹೊತ್ತಿಗೆ ನದಿ ನೀರು ರಭಸವಾಗಿ ಹೊರಗೆ ಹೋಗುತ್ತದೆ. ಎದುರಿನಿಂದ ಬರುವ ತೆರೆಗೆ ಅದು ಡಿಕ್ಕಿ ಹೊಡೆದಾಗ ತೆರೆ ಗಿಡ್ಡವಾಗಿ, ಕಡಿದಾಗಿ, ಒಮ್ಮೆಲೇ ಏಳುತ್ತದೆ. ಘಟ್ಟದ ಬುಡದಲ್ಲಿ ಜೋರು ಮಳೆ ಬಂದ ಮರುದಿನ ಇದು ಇನ್ನೂ ಕೆಟ್ಟದು. ನಾಡದೋಣಿಯವರು ಅಳಿವೆ ದಾಟಲು ಹೊತ್ತು ಕಾಯುವುದು ಇದಕ್ಕೇ. ಈಜು ಬರಲಿ ಬಾರದಿರಲಿ, ಅಳಿವೆಯ ಬಾಯಿ ಸ್ನಾನಕ್ಕೆ ಜಾಗವೇ ಅಲ್ಲ.

ಒಟ್ಟಿಗೆ ಓದುವುದು ಹೇಗೆ?

ಮೂರು ಉದಾಹರಣೆ ನೋಡಬಹುದು. ಇವು ಯಾವುದೇ ದಿನದ ಮುನ್ಸೂಚನೆಯಲ್ಲ, ಓದುವ ಕ್ರಮ ತಿಳಿಸಲು ಮಾತ್ರ.

'ಎತ್ತರ 0.6 ಮೀ., ಅವಧಿ 8 ಸೆಕೆಂಡ್, ಗಾಳಿ ಈಶಾನ್ಯ 4 ನಾಟ್.' ಜನವರಿ-ಫೆಬ್ರವರಿ ಬೆಳಗಿನ ಕಡಲು. ಕಲಿಯುವವರಿಗೆ ಒಳ್ಳೆಯದು. ಜೀವರಕ್ಷಕರು ಇರುವ ಕಡೆ, ಮೊಣಕಾಲು ನೀರಿನಲ್ಲಿ ಕುಟುಂಬಗಳೂ ಆಡಬಹುದು.

'ಎತ್ತರ 1 ಮೀ., ಅವಧಿ 5 ಸೆಕೆಂಡ್, ಗಾಳಿ ವಾಯವ್ಯ 14 ನಾಟ್.' ನೋಡಲು ಗಲಾಟೆ ಜಾಸ್ತಿ, ನೊರೆಯೇ ನೊರೆ. ಸರ್ಫಿಂಗಿಗೆ ಪ್ರಯೋಜನವಿಲ್ಲ. ಅಲೆಗೆ ಬಲ ಕಡಿಮೆಯಾದರೂ ಸೆಳೆತ ಇರುತ್ತದೆ.

'ಎತ್ತರ 1.5 ಮೀ., ಅವಧಿ 16 ಸೆಕೆಂಡ್, ಗಾಳಿ ಈಶಾನ್ಯ 4 ನಾಟ್.' ಮೂರರಲ್ಲಿ ಚಂದ ಕಾಣುವುದು ಇದೇ, ಅಪಾಯವೂ ಇದೇ. ಎತ್ತರ ಮೊದಲಿನದರ ಎರಡೂವರೆ ಪಟ್ಟು, ಬಲ ಹತ್ತು ಪಟ್ಟಿಗೂ ಮೀರಿದ್ದು. ಪಳಗಿದ ಸರ್ಫರುಗಳಿಗೆ ಹಬ್ಬ, ಉಳಿದವರಿಗೆ ದಡವೇ ಸರಿ.

ಮುಂಗಾರಿನಲ್ಲಿ 'ಎತ್ತರ 3 ಮೀ.' ಅಂತ ಕಂಡರೆ ಉಳಿದ ಅಂಕಿ ನೋಡುವ ಅಗತ್ಯವೇ ಇಲ್ಲ.

ಅಂಗಡಿಯವರಿಗೆ, ಹೋಂಸ್ಟೇಯವರಿಗೆ

ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆ ಇನ್‌ಕಾಯಿಸ್ ಪ್ರತಿದಿನ ಕಡಲಿನ ಸ್ಥಿತಿಯ ಮುನ್ಸೂಚನೆ ಕೊಡುತ್ತದೆ. ಅದರ 'ಸಮುದ್ರ' ಎಂಬ ಆ್ಯಪ್ ಉಚಿತ. ಎಚ್ಚರಿಕೆಗೆ ಬಣ್ಣವಿದೆ: ಹಳದಿ ಅಂದರೆ ಗಮನವಿಡಿ, ಕಿತ್ತಳೆ ಅಂದರೆ ಸಿದ್ಧರಾಗಿ, ಕೆಂಪು ಅಂದರೆ ಕೂಡಲೇ ಕ್ರಮ ಕೈಗೊಳ್ಳಿ. ಮಳೆ, ಗಾಳಿಯ ಎಚ್ಚರಿಕೆ ಹವಾಮಾನ ಇಲಾಖೆಯಿಂದ ಬರುತ್ತದೆ. ಮಳೆಯ ಎಚ್ಚರಿಕೆ ಇಲ್ಲ ಅಂದ ಮಾತ್ರಕ್ಕೆ ಕಡಲಿನ ಎಚ್ಚರಿಕೆಯೂ ಇಲ್ಲ ಅಂತ ತಿಳಿಯಬಾರದು. ಎರಡನ್ನೂ ಬೇರೆ ಬೇರೆ ನೋಡಬೇಕು.

ದೂರದ ತೆರೆಯ ಎಚ್ಚರಿಕೆ ಸಾಮಾನ್ಯವಾಗಿ ಒಂದೆರಡು ದಿನ ಮೊದಲೇ ಸಿಗುತ್ತದೆ. ಶನಿವಾರ-ಭಾನುವಾರಕ್ಕೆ ಎಚ್ಚರಿಕೆ ಇದ್ದರೆ ಜನ ಬರುವುದೇನೂ ನಿಲ್ಲುವುದಿಲ್ಲ, ನೀರಿಗೆ ಇಳಿಯುವುದು ಮಾತ್ರ ನಿಲ್ಲುತ್ತದೆ. ಚಹಾ, ಚರುಮುರಿ, ಗೋಳಿಬಜೆಗೆ ಗಿರಾಕಿ ಇದ್ದೇ ಇರುತ್ತಾರೆ. ಟ್ಯೂಬು, ಈಜುಡುಗೆ ಬಾಡಿಗೆಯನ್ನು ಆ ದಿನ ಮುಚ್ಚಿಡುವುದೇ ಲೇಸು. ತಗ್ಗಿನಲ್ಲಿರುವ ಗೂಡಂಗಡಿಯವರು ಉಬ್ಬರದ ಹೊತ್ತು ನೋಡಿಕೊಂಡು ಫ್ರಿಜ್, ಗ್ಯಾಸ್ ಸಿಲಿಂಡರನ್ನು ಹಿಂದಿನ ರಾತ್ರಿಯೇ ಮೇಲಕ್ಕೆ ಇಡಬೇಕು. ದೋಣಿ, ಬಲೆ ಇದ್ದವರೂ ಹಾಗೆಯೇ.

ಹೋಂಸ್ಟೇಯವರು ಅತಿಥಿಗಳಿಗೆ ಬೆಳಿಗ್ಗೆ ಒಂದು ಸಾಲಿನ ಮೆಸೇಜ್ ಹಾಕಿದರೆ ಸಾಕು: ಇವತ್ತು ಇಷ್ಟು ಎತ್ತರ, ಇಷ್ಟು ಸೆಕೆಂಡ್, ಇಳಿಯಬಹುದು ಅಥವಾ ಬೇಡ.

ಸೆಳೆತಕ್ಕೆ ಸಿಕ್ಕಿದರೆ

ದಡಕ್ಕೆ ಬಂದ ನೀರು ವಾಪಸು ಹೋಗಲೇಬೇಕು. ಎರಡು ದಿಬ್ಬದ ನಡುವಿನ ತಗ್ಗಿನಲ್ಲಿ ಅದು ಹೊಳೆಯ ಹಾಗೆ ಹೊರಗೆ ಹರಿಯುತ್ತದೆ. ಮೋಸವೆಂದರೆ ಅಲ್ಲಿ ಅಲೆ ಒಡೆಯುವುದು ಕಡಿಮೆ. ಎರಡೂ ಬದಿ ಬಿಳಿ ನೊರೆ, ನಡುವೆ ಕಪ್ಪಗೆ ಶಾಂತವಾದ ಪಟ್ಟಿ. ಹೊಸಬರು ಅದನ್ನೇ ಸುರಕ್ಷಿತ ಜಾಗ ಅಂತ ಆರಿಸಿಕೊಳ್ಳುತ್ತಾರೆ.

ಸಿಕ್ಕಿಕೊಂಡವರು ದಡದತ್ತ ಎದುರಾಗಿ ಈಜಬಾರದು, ಕೈಸೋಲುತ್ತದೆ. ತೇಲಬೇಕು, ಕೈ ಎತ್ತಬೇಕು, ಎಳೆತ ಸಡಿಲಾದ ಮೇಲೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ನೊರೆ ಇರುವ ಕಡೆಯಿಂದ ಒಳಗೆ ಬರಬೇಕು. ದಡದಲ್ಲಿದ್ದವರು ಬರಿಗೈಯಲ್ಲಿ ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ಪ್ರತಿವರ್ಷ ಓದುತ್ತೇವೆ. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನು, ಗಾಳಿ ತುಂಬಿದ ಟಯರ್ ಟ್ಯೂಬು, ಉದ್ದದ ಹಗ್ಗ ಪ್ರತಿ ಗೂಡಂಗಡಿಯಲ್ಲಿ ಕಣ್ಣಿಗೆ ಕಾಣುವ ಹಾಗೆ ಇದ್ದರೆ, ಮೊದಲು ಅದನ್ನು ಎಸೆಯಬಹುದು.

ಮುನ್ಸೂಚನೆಗೂ ಮಿತಿಯಿದೆ. ಅದು ಹೊರಗಿನ ಕಡಲನ್ನು ಹೇಳುತ್ತದೆ, ನಿನ್ನೆ ರಾತ್ರಿ ಸಸಿಹಿತ್ಲಿನ ದಿಬ್ಬ ಎಲ್ಲಿಗೆ ಸರಿಯಿತು ಅಂತ ಅದಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ದಿನಾ ಬೆಳಿಗ್ಗೆ ಬಲೆ ಎಳೆಯುವವರಿಗೆ, ಜೀವರಕ್ಷಕರಿಗೆ. ಹಾಗಾಗಿ ಮೊಬೈಲ್ ನೋಡಿದ ಮೇಲೆ ಅವರನ್ನೂ ಒಂದು ಮಾತು ಕೇಳಬೇಕು. ಅವರು ಬೇಡ ಅಂದರೆ ಬೇಡ.

ತುರ್ತಿಗೆ: ಪೊಲೀಸ್, ಆಂಬುಲೆನ್ಸ್ 112; ಕರಾವಳಿ ಕಾವಲು ಪೊಲೀಸ್ 1093; ಕೋಸ್ಟ್ ಗಾರ್ಡ್ 1554; ಜಿಲ್ಲಾ ತುರ್ತು ಕೇಂದ್ರ 1077. ಈ ನಾಲ್ಕು ನಂಬರನ್ನು ಅಂಗಡಿಯ ಗೋಡೆಯಲ್ಲಿ ದೊಡ್ಡದಾಗಿ ಬರೆದಿಡಿ.