ಮೊಳಕೆ ಧಾನ್ಯದ ಹಸಿ ಉಪಾಹಾರ: ಗುಣ ಮತ್ತು ಮಿತಿ

ಹೆಸರುಕಾಳನ್ನು ನೆನೆಹಾಕಿ ಒದ್ದೆಬಟ್ಟೆಯಲ್ಲಿ ಮೊಳಕೆ ಕಟ್ಟುವುದೂ, ಮೊಳೆತ ರಾಗಿಯನ್ನು ಒಣಗಿಸಿ ಬೀಸಿ ಮಕ್ಕಳಿಗೆ ಗಂಜಿ ಕಾಯಿಸುವುದೂ ನಮ್ಮ ಮನೆಗಳಲ್ಲಿ ರೂಢಿಯಾಗಿರುವ ಸಂಗತಿಗಳು. ಈಚೆಗೆ ಇದಕ್ಕೆ ಬೇರೊಂದು ರೂಪ ಬಂದಿದೆ. ಮೊಳೆತ ಧಾನ್ಯಕ್ಕೆ ಕಡಲೆಕಾಯಿ ಬೀಜ, ಎಳ್ಳು, ಬಾದಾಮಿ, ಕುಂಬಳದ ಬೀಜಗಳನ್ನು ಬೆರಸಿ, ಒಲೆಯ ಮೇಲಿಡದೆ, ಹಸಿಯಾಗಿಯೇ ಬೆಳಗಿನ ಉಪಾಹಾರವಾಗಿ ತಿನ್ನುವವರಿದ್ದಾರೆ. ಬೇಯಿಸದ ಧಾನ್ಯದ ಉಪಾಹಾರಕ್ಕೆ ಯುರೋಪಿನಲ್ಲಿ ಪ್ರಸಿದ್ಧಿ ತಂದವನು ಸ್ವಿಟ್ಜರ್ಲೆಂಡಿನ ವೈದ್ಯ ಮ್ಯಾಕ್ಸಿಮಿಲಿಯನ್ ಬಿರ್ಖರ್-ಬೆನ್ನರ್ (1867–1939). ಆದರೆ ಅವನ ‘ಮ್ಯೂಸ್ಲಿ’ಯಲ್ಲಿದ್ದುದು ನೆನೆಸಿದ ಓಟ್ಸ್ ಮತ್ತು ತುರಿದ ಸೇಬು, ಮೊಳಕೆಯಲ್ಲ. ಮೊಳಕೆಯ ವಿಷಯವೇ ಬೇರೆ. ಮೊಳೆಯುವುದರಿಂದ ಧಾನ್ಯಕ್ಕೆ ನಿಜವಾಗಿ ಒದಗುವುದೇನು, ಅದನ್ನು ಹಸಿಯಾಗಿ ತಿನ್ನುವುದು ಎಷ್ಟರಮಟ್ಟಿಗೆ ಉಚಿತ ಎಂಬುದನ್ನು ಇಲ್ಲಿ ವಿವೇಚಿಸೋಣ.

ಒಣಬೀಜದೊಳಗಿನ ಭ್ರೂಣ ನಿದ್ರಾವಸ್ಥೆಯಲ್ಲಿರುತ್ತದೆ. ನೀರು ತಾಗಿದೊಡನೆ ಅದು ಎಚ್ಚೆತ್ತು, ಕೂಡಿಟ್ಟ ಆಹಾರವನ್ನು ಕರಗಿಸುವ ಕಿಣ್ವಗಳನ್ನು ಹುಟ್ಟಿಸತೊಡಗುತ್ತದೆ. ಇವುಗಳಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಪಾಯೆನ್ ಮತ್ತು ಪೆರ್ಸೊ ಎಂಬ ಫ್ರೆಂಚ್ ರಸಾಯನಜ್ಞರು 1833ರಲ್ಲಿಯೇ ಮೊಳೆತ ಬಾರ್ಲಿಯಿಂದ ಬೇರ್ಪಡಿಸಿದ್ದರು. ಮೊಳೆತ ರಾಗಿಯ ಗಂಜಿ ತೆಳ್ಳಗೂ ತುಸು ಸಿಹಿಯಾಗಿಯೂ ಇರುವುದಕ್ಕೆ ಇದೇ ಬಗೆಯ ಕಿಣ್ವವೇ ಕಾರಣ. ಮತ್ತೊಂದು ಕಿಣ್ವ, ಫೈಟೇಸ್, ಧಾನ್ಯದ ಫೈಟಿಕ್ ಆಮ್ಲವನ್ನು ಒಡೆಯುತ್ತದೆ. ಕಬ್ಬಿಣ, ಸತು, ಸುಣ್ಣಾಂಶಗಳನ್ನು ಹಿಡಿದಿಟ್ಟು ದೇಹಕ್ಕೆ ದಕ್ಕದಂತೆ ಮಾಡುವ ವಸ್ತು ಈ ಆಮ್ಲವೇ.

ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿರುವ ‘ಸಿ’ ಜೀವಸತ್ವವೂ ಮೊಳಕೆಯಲ್ಲಿ ಹೊಸದಾಗಿ ಹುಟ್ಟುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ, 1916ರ ಸುಮಾರಿಗೆ, ಮೆಸೊಪೊಟೇಮಿಯದಲ್ಲಿದ್ದ ಭಾರತೀಯ ಸೈನಿಕರು ಸ್ಕರ್ವಿ ರೋಗಕ್ಕೆ ತುತ್ತಾದರು. ಲಂಡನ್ನಿನ ಲಿಸ್ಟರ್ ಸಂಸ್ಥೆಯ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಹೋದ್ಯೋಗಿಗಳು ಈ ರೋಗದ ನಿವಾರಣೆಗೆ ಮೊಳೆತ ದ್ವಿದಳ ಧಾನ್ಯವನ್ನು ಬಳಸಬಹುದೆಂದು ಸಲಹೆಯಿತ್ತರು.

ಇಷ್ಟಾದರೂ ಮೊಳಕೆಯ ಗುಣಕ್ಕೆ ಮಿತಿಯುಂಟು. ಮೊಳೆಸಿದರೆ ರಾಗಿಯ ಸುಣ್ಣಾಂಶ ಹೆಚ್ಚುತ್ತದೆಂದು ಹಲವರು ನಂಬಿದ್ದಾರೆ. 100 ಗ್ರಾಂ ಒಣರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವಿದೆ. ಬಟ್ಟೆಯಲ್ಲಿ ಕಟ್ಟಿದ ಕಾಳಿಗೆ ಹೊರಗಿನಿಂದ ಮುಖ್ಯವಾಗಿ ದೊರೆಯುವುದು ನೀರು ಮತ್ತು ಗಾಳಿ. ಖನಿಜ ಎಲ್ಲಿಂದ ಹುಟ್ಟಬೇಕು? ಹೆಚ್ಚುವುದು ಖನಿಜದ ಮೊತ್ತವಲ್ಲ, ಅದರಲ್ಲಿ ನಮಗೆ ದಕ್ಕುವ ಪಾಲು. ಮೊಳೆಯುವ ಬೀಜ ಉಸಿರಾಡುವುದರಿಂದ ಅದರ ಒಣತೂಕ ಸ್ವಲ್ಪ ಕಡಿಮೆಯೇ ಆಗುತ್ತದೆ. ಮೇಲಾಗಿ, ಮೊಳೆತ ಮಾತ್ರಕ್ಕೆ ಪಿಷ್ಟವೆಲ್ಲ ಸಕ್ಕರೆಯಾಗುವುದಿಲ್ಲ. ಉಳಿದ ಹಸಿ ಪಿಷ್ಟ ಬೆಂದ ಪಿಷ್ಟದಷ್ಟು ಸುಲಭವಾಗಿ ಜೀರ್ಣವಾಗದು.

ಎಲ್ಲ ಬೀಜಗಳೂ ಹಸಿಮೊಳಕೆಗೆ ಯೋಗ್ಯವಲ್ಲ. ಎಳೆಯ ಜೋಳದ ಪೈರನ್ನು ಮೇಯ್ದ ದನಗಳು ವಿಷವೇರಿ ಸಾಯುವುದನ್ನು ನಮ್ಮ ರೈತರು ಬಲ್ಲರು. ಜೋಳದ ಮೊಳಕೆಯಲ್ಲಿಯೂ ಅದೇ ಧುರ್ರಿನ್ ಎಂಬ ವಸ್ತುವಿದ್ದು, ಅದು ಒಡೆದಾಗ ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಆದುದರಿಂದ ಜೋಳದ ಮೊಳಕೆಯನ್ನು ಹಸಿಯಾಗಿ ತಿನ್ನಲಾಗದು. ರಾಜಮಾದಲ್ಲಿರುವ ಲೆಕ್ಟಿನ್ ಎಂಬ ವಿಷಕಾರಿ ಸಸಾರಜನಕ ಚೆನ್ನಾಗಿ ಕುದಿಸಿದಾಗಲೇ ನಾಶವಾಗುವುದು. ಬೂಷ್ಟು ಹಿಡಿದ ಕಡಲೆಕಾಯಿ ಬೀಜದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಅಂಥ ಬೀಜಗಳನ್ನು ಆರಿಸಿ ಎಸೆಯಬೇಕು.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ ಬೇರೊಂದಿದೆ. ಬೀಜವನ್ನು ಎಬ್ಬಿಸುವ ತೇವ ಮತ್ತು ಬೆಚ್ಚನೆಯ ಹವೆ, ಬೀಜದ ಸಿಪ್ಪೆಯ ಬಿರುಕುಗಳಲ್ಲಿ ಅಡಗಿರುವ ಬ್ಯಾಕ್ಟೀರಿಯಗಳನ್ನೂ ಎಬ್ಬಿಸುತ್ತದೆ. ತೊಳೆದ ಮಾತ್ರಕ್ಕೆ ಅವು ಪೂರ್ತಿ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೊಳಕೆಗಳ ಮೂಲಕ ಇ. ಕೋಲೈ ಜಾತಿಯ ಒಂದು ಬ್ಯಾಕ್ಟೀರಿಯ ಹರಡಿ, 3,500ಕ್ಕೂ ಹೆಚ್ಚು ಜನ ಅಸ್ವಸ್ಥರಾದರು. 50ಕ್ಕೂ ಹೆಚ್ಚು ಜನ ಮಡಿದರು. ತನಿಖೆ ನಡೆಸಿದವರ ಸಂಶಯ ಕೊನೆಗೆ ನಿಂತದ್ದು ಮೆಂತ್ಯದ ಬೀಜದ ಮೇಲೆ. ಕೆಟ್ಟ ವಾಸನೆ ಇಲ್ಲವೆಂಬುದು ಮೊಳಕೆ ಶುದ್ಧವೆಂಬುದಕ್ಕೆ ಸಾಕ್ಷಿಯಲ್ಲ.

ಹಾಗಾದರೆ ತಯಾರಿಸುವ ಕ್ರಮ ಹೇಗೆ? ರಾಗಿಯನ್ನು ಕಲ್ಲು ಕಸ ತೆಗೆದು, ಹಲವು ಬಾರಿ ತೊಳೆದು, 10–12 ಗಂಟೆ ನೆನೆಸಬೇಕು. ನೀರು ಬಸಿದು, ಕುದಿಸಿ ಆರಿದ ನೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಲ್ಲಿ ಕಟ್ಟಿ, ಸುಮಾರು 24 ಗಂಟೆ ಇಡಬೇಕು. ಮೊಳಕೆ ಬಂದ ಮೇಲೆ ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಉಜ್ಜಿ ಬೇರುಗಳನ್ನು ಕೇರಿ ತೆಗೆದು, ಪರಿಮಳ ಬರುವವರೆಗೆ ಹುರಿದು ಬೀಸಬೇಕು. ಹೆಸರುಕಾಳಿಗೆ 8 ಗಂಟೆಯ ನೆನೆ, ಒಂದು ದಿನದ ಮೊಳಕೆ ಸಾಕು. ಅದನ್ನು ಹಬೆಯಲ್ಲಿ ಚೆನ್ನಾಗಿ ಬೇಯಿಸಿ ಅಂದೇ ಬಳಸಬೇಕು. ಈ ಎರಡಕ್ಕೂ ಹುರಿದ ಎಳ್ಳು, ಕಡಲೆಕಾಯಿ ಬೀಜ, ಕೊಬ್ಬರಿ ತುರಿ, ಬೆಲ್ಲ ಬೆರಸಿದರೆ ಉತ್ತಮ ಉಪಾಹಾರವಾಗುತ್ತದೆ.

ಬಿಸಿ ತಾಗಿದರೆ ‘ಸಿ’ ಜೀವಸತ್ವ ಒಂದಿಷ್ಟು ನಷ್ಟವಾಗುವುದು ದಿಟ. ತಿನ್ನುವಾಗ ನಿಂಬೆಹಣ್ಣಿನ ರಸ ಹಿಂಡಿಕೊಂಡರೆ ಆ ನಷ್ಟ ತುಂಬುತ್ತದೆ. ಕಾಳಿನ ಕಬ್ಬಿಣವೂ ಹೆಚ್ಚಾಗಿ ದಕ್ಕುತ್ತದೆ. ಫೈಟಿಕ್ ಆಮ್ಲವನ್ನು ಒಡೆಯುವ ಕೆಲಸವಾದರೋ ಮೊಳೆಯುವ ಕಾಲದಲ್ಲಿಯೇ ಬಹುಮಟ್ಟಿಗೆ ಆಗಿಹೋಗಿರುವುದರಿಂದ, ಆಮೇಲೆ ಬೇಯಿಸಿದರೂ ಆ ಲಾಭ ಉಳಿಯುತ್ತದೆ. ಶಿಶುಗಳಿಗೆ, ಗರ್ಭಿಣಿಯರಿಗೆ, ವೃದ್ಧರಿಗೆ ಮತ್ತು ರೋಗದಿಂದ ಬಳಲಿದವರಿಗೆ ಹಸಿಮೊಳಕೆ ಸಲ್ಲದು. ಆರೋಗ್ಯವಂತರು ಅದನ್ನು ತಿನ್ನಬಯಸಿದರೆ ಈ ಅಪಾಯವನ್ನು ಅರಿತೇ ತಿನ್ನಬೇಕು. ಮೊಳೆಸುವ ಕ್ರಿಯೆಯ ಹಿರಿಯ ಪ್ರಯೋಜನಗಳಲ್ಲಿ ಹೆಚ್ಚಿನವು ಒಲೆಯ ಮೇಲಿಟ್ಟರೂ ಉಳಿಯುವವು. ಮೊಳೆತ ರಾಗಿಯ ಹಿಟ್ಟನ್ನು ಕಾಯಿಸಿ ಕುಡಿಸುವ ನಮ್ಮ ರೂಢಿ ಸರಿಯಾದುದೆಂದೇ ಇದರಿಂದ ತಿಳಿಯಬೇಕು.